ಲೈನ್ ಕ್ಲಿಯರ್

ಫ್ಯಾನಿನ ಗಾಳಿಗೆ ಬೋರ್ಡು ಅಲುಗುತ್ತಿದೆ, ಟಕ್, ಟಕ್, ಸ್ವಿಚ್ಚಿನ ಹಿಡಿಕೆಗೆ ತಾನೇ ನೇತುಹಾಕಿದ ಕೆಂಪು ತಗಡು, ಲೈನ್ ಮೇಲೆ ಮನುಷ್ಯರಿದ್ದಾರೆ, ಕರೆಂಟ್ ಹಾಕಬೇಡಿ — ಮನುಷ್ಯರು ಅಂತ ಬಹುವಚನ ಬೇರೆ, ಇರುವವನು ಒಬ್ಬನೇ, ಲೈನ್‌ಮನ್ ಯತೀಶ, ಚಂದ್ರಗುತ್ತಿ ಗುಡ್ಡದ ಮಗ್ಗುಲಲ್ಲೆಲ್ಲೋ ಕಂಬದ ತುದಿಯಲ್ಲಿ, ಮತ್ತು ಸಬ್‌ಸ್ಟೇಷನ್ನಿನ ಕುರ್ಚಿಯಲ್ಲಿ ಕೂತ ಪ್ರಮೀಳಾಗೆ ಅವನ ಮುಖ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ, ಗ್ಲೌಸು ಬಿಚ್ಚಿದ ಬರಿಗೈ, ತಂತಿಯ ಮೇಲೆ. ಅಷ್ಟು ದೂರದ ಕೈ ಇಲ್ಲಿಗೆ ಕಾಣುವುದೆಂದರೇನು, ಹುಚ್ಚು, ಬೆಳಿಗ್ಗೆ ಅವನು ಫೋನಿನಲ್ಲಿ ಹಾಗಂದಿದ್ದಕ್ಕೇ ಇರಬೇಕು, ಅಕ್ಕಾ, ಚಂದ್ರಗುತ್ತಿ ಫೀಡರಿಗೆ ಲೈನ್ ಕ್ಲಿಯರ್ ಕೊಡು, ಕೊಂಬೆ ಬಿದ್ದು ತಂತಿ ಹರದೈತಿ, ಗ್ಲೌಸ್ ಹಾಕ್ಕೊಂಡ್ರ ಕಟ್ಟು ಸರಿ ಕೂರಂಗಿಲ್ಲ, ಬಿಚ್ಚೇ ಸುತ್ತಬೇಕು. ಚಂದ್ರಗುತ್ತಿಗೆ ಹೋಗುವ ಲೈನಿನ ಹಿಡಿಕೆ ಇಳಿಸಿ, ಕರೆಂಟ್ ಕಡಿದು, ಕೊಟ್ಟಳು. ಕಂಬ ಹತ್ತುವವನು ಕೇಳಿ ಪಡೆಯಬೇಕು, ಪಡೆದವನೇ ಇಳಿದು ತನ್ನ ಬಾಯಿಂದಲೇ ವಾಪಸ್ಸು ಕೊಡಬೇಕು, ನಡುವೆ ದೇವರೇ ಬಂದು ಹೇಳಿದರೂ ಆ ಹಿಡಿಕೆಯನ್ನು ಮುಟ್ಟುವಂತಿಲ್ಲ, ಅಷ್ಟೇ ನಿಯಮ, ಎಷ್ಟು ಸಣ್ಣದು, ಎಷ್ಟು ಕಷ್ಟದ್ದು. ಈಗ ಬಿಸಿಲು ನೆತ್ತಿಗೆ ಬಂದಿದೆ, ಅವನ ಫೋನು ಇಲ್ಲ.

ಲೈನ್, ಲೈನ್, ನಿನ್ನೆಯಿಂದ ಇದೊಂದೇ ಪದ ತಲೆಯೊಳಗೆ, ಎಲ್ಲಾ ಸುಷ್ಮಿತಾಳಿಂದ, ಎಂಟನೇ ಕ್ಲಾಸಿಗೆ ಬಂದ ಮಗಳು ಮನೆ ತುಂಬಾ ಅದನ್ನೇ ಹರಡಿಕೊಂಡು ಕೂತಿದ್ದಳು, ಮೇಷ್ಟ್ರು ಒಬ್ಬೊಬ್ಬರಿಗೆ ಒಂದೊಂದು ಇಂಗ್ಲಿಷ್ ಪದ ಕೊಟ್ಟು ಇದರ ಅರ್ಥಗಳನ್ನೂ ಹುಟ್ಟಿದೂರನ್ನೂ ಹುಡುಕಿ ತನ್ನಿ ಅಂದರಂತೆ, ಅಮ್ಮಾ ನಂಗೆ ನಿನ್ನ ಪದವೇ ಸಿಕ್ತು ನೋಡು, ತನ್ನ ಪದವಂತೆ! ರೇಷನ್ ಅಂಗಡಿ ಮುಂದೆ ನಿಲ್ಲುವುದೂ ಲೈನು, ಕಾಪಿ ಪುಸ್ತಕದ ಗೆರೆಯೂ ಲೈನು, ಇಂಗ್ಲಿಷಿನವರು ಮಹಾ ಜಿಪುಣರು, ನಾವು ಸಾಲು, ಗೆರೆ, ತಂತಿ, ಪಾಳಿ ಅಂತ ಧಾರಾಳವಾಗಿ ಖರ್ಚು ಮಾಡುವುದನ್ನೆಲ್ಲ ಒಂದೇ ಪದದಲ್ಲಿ ಮುಗಿಸುತ್ತಾರೆ — ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಐಟಿಐ ಹುಡುಗನೊಬ್ಬ ತನಗೆ ಲೈನು ಹೊಡೆಯುತ್ತಿದ್ದ, ಅದನ್ನು ಮಗಳ ಪಟ್ಟಿಗೆ ಸೇರಿಸಲಿಲ್ಲ, ಸೇರಿಸಬಹುದಿತ್ತು, ಅವನನ್ನೇ ಕಟ್ಟಿಕೊಂಡದ್ದಲ್ಲವೆ, ಹಾಳಾದವನು ಈಗ ಎಷ್ಟು ಲೈನಿಗೆ ಬಂದಿದ್ದಾನೆಂದರೆ ಬೆಳಿಗ್ಗೆ ರೊಟ್ಟಿ ಅವನೇ ತಟ್ಟುತ್ತಾನೆ. ಹುಟ್ಟಿದೂರು ಮಾತ್ರ ಯಾರೂ ಊಹಿಸಲಾರದ್ದು, ಅಗಸೆಯಂತೆ, ಅಗಸೆ ಗಿಡದ ನಾರನ್ನು ಹೊಸೆದ ದಾರಕ್ಕೆ ಯಾವುದೋ ಕಾಲದ ಜನ ಇಟ್ಟ ಹೆಸರಂತೆ, ಮಗಳು ಮೊಬೈಲಿನಲ್ಲಿ ಓದಿ ಹೇಳಿದಾಗ ಮೂಗಿಗೆ ಅವ್ವನ ಒಲೆ ಬಡಿದಿತ್ತು, ಬಾಣಲೆಯಲ್ಲಿ ಚಟಪಟ ಸಿಡಿಯುವ ಅಗಸೆ, ಒಣಮೆಣಸಿನ ಘಾಟು, ಅದಕ್ಕೂ ಈ ಅಲ್ಯೂಮಿನಿಯಂ ತಂತಿಗೂ ಏನು ನೆಂಟು, ನೆಂಟು ಇದೆ, ಒಂದು ದಾರ, ಈ ತುದಿ ಒಬ್ಬರ ಕೈಲಿ ಆ ತುದಿ ಇನ್ನೊಬ್ಬರ ಕೈಲಿ — ಕೈ, ಮತ್ತೆ ಅದೇ ಕೈ, ಬೆರಳಿನ ಸಂದಿಯಲ್ಲಿ ಸಣ್ಣ ತಂತಿ. ಪ್ರಮೀಳಾ ನೀರು ಕುಡಿದಳು.

ಫೋನು. ಯತೀಶನಲ್ಲ, ಚಂದ್ರಗುತ್ತಿಯ ಮಹೇಶ್ವರಪ್ಪನವರು, ಇದು ಎಷ್ಟನೆಯ ಸಲವೋ, ಮಗಳ ಮದುವೆಯ ಮನೆ, ಪ್ರಮೀಳಾ ಮೇಡಂ, ಎಲೆ ಹಾಕಿ ಆಗಿದೆ ಮಾರಾಯ್ರೆ, ಬೋರಿಂದ ತೊಟ್ಟು ನೀರಿಲ್ಲ, ಬೀಗರು ಕೈ ತೊಳೆಯಕ್ಕೂ ಇಲ್ದೆ ನಿಂತಿದಾರೆ, ನಿಮ್ಮ ಹುಡುಗ ಕಂಬ ಇಳಿದದ್ದು ಚಪ್ಪರದಿಂದ ನಾನೇ ಕಣ್ಣಾರೆ ಕಂಡೆ, ಹಗ್ಗ ಸುತ್ತಿ ಹೆಗಲಿಗೆ ಹಾಕ್ಕೊಂಡ, ಇನ್ನೇನು ಬೇಕು ನಿಮಗೆ? ಅವನೇ ಫೋನ್ ಮಾಡಬೇಕು ಸರ್. ಅವನ ಫೋನಿಗೆ ಸಿಗ್ನಲ್ ಇಲ್ಲ, ಗುಡ್ಡ ಅಡ್ಡ, ನನ್ನ ಮಾತು ನಂಬಲ್ವ? ನಂಬುತ್ತಾಳೆ, ಅದೇ ತೊಂದರೆ, ಸುಳ್ಳು ಹೇಳುವ ಮನುಷ್ಯನಲ್ಲ, ಸೊರಬಕ್ಕೆ ವರ್ಗವಾಗಿ ಬಂದಾಗ ಮನೆ ಹುಡುಕಿಕೊಟ್ಟವರು, ಆ ಉಪಕಾರವನ್ನು ಇವತ್ತಿಗೂ ಬಾಯಿಬಿಟ್ಟು ಎತ್ತಿ ಆಡಿದವರಲ್ಲ, ನೆಂಟರ ಮುಂದೆ ಆ ಮುಖ ಹೇಗೆ ಸಣ್ಣಗಾಗಿದೆಯೋ, ಎದ್ದೇಬಿಟ್ಟಳು, ಬೋರ್ಡಿನ ದಾರಕ್ಕೆ ಬೆರಳು ತಗುಲಿತು, ಇಳಿದಿದ್ದಾನಲ್ಲ, ಕಣ್ಣಾರೆ ಕಂಡಿದ್ದಾರಲ್ಲ, ಇನ್ಯಾವ ಶಾಸ್ತ್ರ —

ಬೆರಳು ಅಲ್ಲೇ ನಿಂತಿತು, ಯಾಕೆಂದರೆ ಅಪ್ಪ ಕೂಗಿದ, ಸತ್ತು ಎಷ್ಟು ವರ್ಷವಾಯಿತು, ಆದರೂ ಕೂಗಿದ, ಅಂಬ್ಲಿಗೊಳದ ಏರಿ ಮೇಲೆ ಕುರಿ ದಾಟಿಸುವ ಪುಟ್ಟಪ್ಪ, ಮಂದೆಯ ಮುಂದೆ ಅವನು, ಹಿಂದೆ ಚಿಕ್ಕಪ್ಪ, ನಡುವೆ ಲಂಗ ಎತ್ತಿಕಟ್ಟಿದ ಪ್ರಮೀಳಾ, ಹಿಂದಿನವನು ಹೋ ಅಂತ ಕೂಗದೆ ಮುಂದಿನವನು ಹೆಜ್ಜೆ ಕೀಳುವಂತಿಲ್ಲ, ಒಂದು ಸಲ ತಾನು ಹಿಂದಕ್ಕೆ ತಿರುಗಿ ನೋಡಿ ಅಪ್ಪಾ ಎಲ್ಲಾ ಬಂದವು ನಡಿ ಅಂದಿದ್ದಕ್ಕೆ, ನೀ ಹೇಳಬ್ಯಾಡ, ಹಿಂದಿರಾಂವ ಹೇಳ್ಲಿ, ಮರಿ ಹಿಂದ ಉಳಿದದ್ದು ಅವಂಗ ಗೊತ್ತಾಗ್ತೈತಿ, ನಿಂಗಲ್ಲ. ಆ ಚಿಕ್ಕಪ್ಪನ ಮಗನೇ ಯತೀಶ, ತಾನು ಸೊಂಟದ ಮೇಲೆ ಹೊತ್ತು ತಿರುಗಿಸಿದವನು, ಎಷ್ಟು ಭಾರ ಇದ್ದ, ಅಯ್ಯೋ ದೇವರೆ, ಅವನಿಗೆ ಏನಾದರೂ ಆದರೆ ತಾನು ಬದುಕಿರುವುದಿಲ್ಲ. ಬೆರಳು ಹಿಂದಕ್ಕೆ ಬಂತು. ಸರ್, ಬೈಯ್ಯೋದಾದ್ರೆ ಬೈರಿ, ಅವನ ಬಾಯಿಂದಲೇ ಕೇಳಬೇಕು, ಪಕ್ಕದ ಊರಿಂದ ಟ್ಯಾಂಕರ್ ಕರೆಸ್ರಿ, ನಾನೂ ಹೇಳ್ತೀನಿ. ಅವರು ಫೋನ್ ಇಟ್ಟರು, ಅವಳು ಟ್ಯಾಂಕರಿನವನ ನಂಬರು ಒತ್ತಿದಳು.

ಕಿಟಕಿಯ ಆಚೆ ಟ್ರಾನ್ಸ್‌ಫಾರ್ಮರು ಗುಂಯ್‌ಗುಡುತ್ತಿದೆ, ಟ್ಯಾಂಕರಿನ ಮಂಜಪ್ಪನಿಗೆ ಹೇಳಿ ಆಯಿತು, ಹೊರಟ ಅಂದ, ಮದುವೆಮನೆಯ ಎಲೆಗಳು ಬಿಸಿಲಿಗೆ ಬಾಡುತ್ತಿರಬೇಕು, ಇಳಿದವನು ಫೋನ್ ಮಾಡಲು ಇಷ್ಟು ಹೊತ್ತೆ, ಅಥವಾ ಇಳಿದೇ ಇಲ್ಲವೆ, ಅಥವಾ ತಾನೊಬ್ಬಳು ಹಟಮಾರಿ ಹೆಂಗಸೆ, ಕೈ, ತಂತಿ, ಕೈ — ಫೋನು.

ಅಕ್ಕಾ. ಅವನದೇ ದನಿ, ಏದುಸಿರು. ಏನಾಗಿತ್ತೋ ನಿಂಗ, ಇಳಿದು ಎಷ್ಟೊತ್ತಾತು? ಇಳಿದಿದ್ದೆ ಅಕ್ಕಾ, ಇಳಿದು ನೋಡ್ತೀನಿ, ತಿರುವಿನಾಚಿ ಕಂಬದಾಗೂ ಕಟ್ಟು ಸಡ್ಲಾಗಿತ್ತು, ಮತ್ತ ಎಲ್ಲಿ ಎರಡು ಸಲ ನಿನ್ನ ಕೇಳೂದು ಅಂತ ಹಂಗ ಹತ್ತಿಬಿಟ್ಟೆ, ಈಗ ಇಳಿದು ಸಿಗ್ನಲ್ ಸಿಗೂ ತನಕ ಓಡಿಬಂದೆ. ತಿರುವಿನಾಚೆ. ಮಹೇಶ್ವರಪ್ಪನವರ ಚಪ್ಪರದಿಂದ ಕಾಣದ ಕಡೆ. ಅವರು ಹೇಳಿದ್ದು ನಿಜ, ಕಂಡಿದ್ದೂ ನಿಜ, ಆದರೆ ಅವರ ನಿಜ ತಿರುವಿನವರೆಗೆ ಮಾತ್ರ ಇತ್ತು, ಆ ಹೊತ್ತಿನಲ್ಲಿ ಆ ಕೈ ಆಚೆ ಕಂಬದ ತಂತಿಯ ಮೇಲಿತ್ತು. ಅಕ್ಕಾ, ಕೇಳ್ತತೇನು? ಚಂದ್ರಗುತ್ತಿ ಫೀಡರ್, ಲೈನ್ ಕ್ಲಿಯರ್ ವಾಪಸ್, ಯತೀಶ, ಲೈನ್ ಹಾಕಬಹುದು. ಇನ್ನೊಂದ್ಸಲ ಹೇಳು. ಹೇಳಿದ. ನಿನ್ನ ಕೈ ಎಲ್ಲಿ ಅದಾವು? ಏನಕ್ಕಾ? ಎರಡೂ ಕೈ ಎಲ್ಲಿ ಅದಾವೋ, ಹೇಳು. ಅವನು ನಕ್ಕ, ಒಂದರಾಗ ಫೋನು, ಇನ್ನೊಂದರಾಗ ಲಾಡು, ಮದುವಿ ಮನ್ಯಾಗಿಂದ ಕಳಿಸ್ಯಾರ, ನೀರು ಟ್ಯಾಂಕರದಾಗ ಬಂತಂತ, ಮಹೇಶ್ವರಪ್ಪನೋರು ನಿಂಗೂ ಎರಡು ಕಟ್ಟಿಟ್ಟಾರ. ಬೋರ್ಡು ತೆಗೆದಳು, ಹಿಡಿಕೆ ಎತ್ತಿದಳು, ಮೀಟರಿನ ಮುಳ್ಳು ಮೇಲಕ್ಕೆ ಎದ್ದಿತು, ಅಲ್ಲಿ ಬೋರು ಉಕ್ಕುತ್ತಿರಬೇಕು, ಚಪ್ಪರದಲ್ಲಿ ಫ್ಯಾನು ತಿರುಗುತ್ತಿರಬೇಕು, ಅವಳಿಗೆ ಅದ್ಯಾವುದೂ ಕಾಣಲಿಲ್ಲ, ಕೈ ಕಂಡಿತು, ಕಂಬದಿಂದ ದೂರ, ನೆಲದ ಮೇಲೆ ನಿಂತವನ ಬರಿಗೈ, ಬೆರಳಿಗೆಲ್ಲ ತುಪ್ಪ.