ನಿವ್ವಳ ತೂಕ

"ಹದಿನಾಲ್ಕು ಕಿಲೋ ಆರುನೂರು. ಸರಿನಾ?" ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಂತ ನರ್ಸಮ್ಮ ಹಾಳೆ ನೋಡಿ ಕೇಳಿದರು.

"ಸರಿ ಮೇಡಂ," ಎಂದು ಅಪ್ಪ ಮಗಳನ್ನು ಸ್ಟ್ರೆಚರ್ ಮೇಲೆ ಮಲಗಿಸಿದ.

ಮೂರು ವರ್ಷದ ಮಗಳು ಎಷ್ಟು ಸಣಕಲೆಂದರೆ, ಮನೆಮಂದಿ ಅವಳನ್ನು ಕರೆಯುತ್ತಿದ್ದದ್ದೇ ಕಡ್ಡಿ ಎಂದು. ಮೆಟ್ಟಿಲಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಆರು ವಾರವಾಗಿತ್ತು. ಮೂಳೆ ಸೊಟ್ಟಗೆ ಕೂಡಿದೆ, ಪ್ಲಾಸ್ಟರ್ ಬಿಚ್ಚಿ ನೆಟ್ಟಗೆ ಮಾಡಬೇಕು, ಅದಕ್ಕೆ ಪೂರಾ ಪ್ರಜ್ಞೆ ತಪ್ಪಿಸಬೇಕು ಎಂದಿದ್ದರು ಡಾಕ್ಟರು. ಆ ಮಾತು ಕೇಳಿದ ದಿನದಿಂದ ಅಪ್ಪನ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ಅವನಿಗಿದ್ದದ್ದು ಮೂಳೆಯ ಚಿಂತೆಯಲ್ಲ. ಮಲಗಿಸಿದ ಮಗು ಏಳುತ್ತದೋ ಇಲ್ಲವೋ ಎಂಬುದೇ ಚಿಂತೆ.

ಬೆಳಗಿನಿಂದ ಹೊಟ್ಟೆಗೇನೂ ಇಲ್ಲದೆ ರಚ್ಚೆ ಹಿಡಿದಿದ್ದ ಕಡ್ಡಿ "ಅಪ್ಪಾ, ನೀನೂ ಬಾ" ಎಂದು ಕೈ ಚಾಚಿದಳು. ಬಾಗಿಲು ಮುಚ್ಚಿತು.

"ಹಾಸಿಗೆ ಮೇಲೇ ಇದ್ದು ಮೈ ಬಂದಿದೆ ಅವಳಿಗೆ, ಅಲ್ವೇನ್ರೀ?" ಎಂದಳು ಹೆಂಡತಿ, ಅಳು ನುಂಗಿಕೊಂಡು, ಏನಾದರೊಂದು ಆಡಬೇಕೆಂದು. "ಬೀಳೋಕ್ ಮುಂಚೆ ಹನ್ನೆರಡೂವರೆ ಇದ್ಲು. ಎರಡು ತುತ್ತು ತಿನ್ನೋಕೆ ಎರಡು ಗಂಟೆ ಮಾಡ್ತಾಳೆ, ಆದ್ರೂ ನೋಡಿ."

ಅಪ್ಪ ಮುಚ್ಚಿದ ಬಾಗಿಲ ಕಡೆ ತಿರುಗಿದ.

ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಅವನದು ಹದಿನೇಳು ವರ್ಷದ ಕೆಲಸ. ತುಂಬಿದ ಲಾರಿ ತೂಗು, ಖಾಲಿ ಲಾರಿ ತೂಗು, ಕಳೆ, ಉಳಿದದ್ದೇ ಸರಕು. ಟಾರ್ಪಾಲಿನ ಮೇಲೆ ನಿಂತ ನೀರನ್ನೂ ಬಿಡದೆ ಚೆಲ್ಲಿಸುವ ಆಸಾಮಿ. "ನೊಣ ಕೂತಿದ್ರೂ ಇಳಿಸ್ತಾನೆ ಪುಣ್ಯಾತ್ಮ" ಎಂದು ಡ್ರೈವರುಗಳು ಗೊಣಗುತ್ತಿದ್ದರು. ಅಂಥವನು ನಿನ್ನೆ ಮಗಳನ್ನೆತ್ತಿಕೊಂಡು ಆಸ್ಪತ್ರೆಯ ತೂಕದ ಮಷೀನಿನ ಮೇಲೆ ನಿಂತಿದ್ದ. ಆಮೇಲೆ ಅವಳನ್ನು ಹೆಂಡತಿಯ ಕೈಗೆ ಕೊಟ್ಟು ಒಬ್ಬನೇ ನಿಂತಿದ್ದ. ನರ್ಸಮ್ಮ ಕಳೆದು ಬರೆದುಕೊಂಡಾಗ "ನಮ್ಮಲ್ಲೂ ಹಿಂಗೇ ಮೇಡಂ" ಎಂದು ಹಲ್ಲು ಕಿರಿದಿದ್ದ. ಸೊಂಟದಿಂದ ಪಾದದವರೆಗೆ ಮಗಳಿಗೆ ಅಂಟಿಕೊಂಡಿದ್ದ ಪ್ಲಾಸ್ಟರನ್ನು ಕಳೆಯಬೇಕೆಂದು ಅವರಿಗೂ ಹೊಳೆಯಲಿಲ್ಲ, ಈ ಮಹಾನುಭಾವನಿಗೂ ಹೊಳೆಯಲಿಲ್ಲ. ಆರು ವಾರ ಹೊತ್ತು ತಿರುಗಿ ಅವನಿಗೆ ಅದು ಮಗಳ ಮೈಯೇ ಆಗಿಬಿಟ್ಟಿತ್ತು.

ಮಕ್ಕಳಿಗೆ ಕೊಡುವ ಪ್ರತಿಯೊಂದು ಔಷಧಿಯೂ ತೂಕದ ಲೆಕ್ಕದಲ್ಲೇ ಎಂದು ಪ್ರಜ್ಞೆ ತಪ್ಪಿಸುವ ಡಾಕ್ಟರಮ್ಮ ನಿನ್ನೆ ಸಂಜೆಯಷ್ಟೇ ಹೇಳಿದ್ದರು. ಬಾಗಿಲು ಬಡಿದರೆ ಏನೆಂದಾರು? ಅಷ್ಟು ಓದಿದವರಿಗೆ ಇದು ತಿಳಿಯದೇ? ಲಾರಿ ತೂಗುವವನು ತಮಗೆ ಪಾಠ ಹೇಳಲು ಬಂದನೆಂದು ಸಿಟ್ಟಾಗಿ, ಆ ಸಿಟ್ಟಲ್ಲಿ ಮಗಳ ಮೇಲೆ ಕೈ ತಪ್ಪಿದರೆ? ಬಾಯಿ ಬಿಡಲೂ ಭಯ, ಬಿಡದಿರಲೂ ಭಯ.

"ಯಾಕ್ರೀ ಹಿಂಗ್ ಬೆವರ್ತಿದೀರ?" ಎಂದು ಹೆಂಡತಿ ಕೇಳುವಷ್ಟರಲ್ಲಿ ಅವನು ಎದ್ದುಹೋಗಿ ಎರಡೂ ಕೈಯಿಂದ ಬಾಗಿಲು ಬಡಿಯುತ್ತಿದ್ದ.

ಡಾಕ್ಟರಮ್ಮನೇ ಬಾಗಿಲು ತೆರೆದರು.

"ಔಷಧಿ ಕೊಟ್ಬಿಟ್ರಾ ಮೇಡಂ?"

"ಇನ್ನೂ ಇಲ್ಲ. ಯಾಕಪ್ಪಾ?"

"ತೂಕ ತಪ್ಪು. ಪ್ಲಾಸ್ಟರೂ ಸೇರ್ಕೊಂಡಿದೆ. ನಾನೇ ನಿಂತು ತೂಗಿಸಿದ್ದು ಮೇಡಂ, ತಪ್ಪು ನಂದೇ."

ಅವರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರ ಮುಖ ಬಿಳಿಚಿಕೊಂಡಿತು.

"ಸಿರಿಂಜೆಲ್ಲ ಕೆಳಗಿಡಿ. ಹೊಸದಾಗಿ ಲೆಕ್ಕ ಹಾಕೋಣ," ಎಂದು ಒಳಗಿನವರಿಗೆ ಹೇಳಿ ಅವರು ಇವನ ಕಡೆ ತಿರುಗಿದರು. "ತಪ್ಪು ನಮ್ದು, ನಿಮ್ದಲ್ಲ. ಹಾಳೆ ನೋಡಿದಾಗ್ಲೇ ನಂಗೆ ಗೊತ್ತಾಗಬೇಕಿತ್ತು. ಪ್ಲಾಸ್ಟರ್ ಎಷ್ಟಿರಬಹುದು?"

"ಅಂದಾಜಲ್ಲಿ ಹೇಳಲ್ಲ ಮೇಡಂ. ನನ್ನ ಬಾಯಲ್ಲಿ ಬರಲ್ಲ."

"ಒಳ್ಳೇದೇ ಆಯ್ತು. ಮೊದಲು ಗ್ಯಾಸಲ್ಲಿ ನಿಧಾನಕ್ಕೆ ಮಲಗಿಸ್ತೀನಿ. ಪ್ಲಾಸ್ಟರ್ ಬಿಚ್ಚಿ ತೂಗಿದ ಮೇಲೇ ಮಿಕ್ಕ ಔಷಧಿ. ಅವಳು ಏಳೋವರೆಗೂ ನಾನು ತಲೆ ಹತ್ರದಿಂದ ಕದಲಲ್ಲ. ಬನ್ನಿ, ಹಿಡ್ಕೊಳಿ ಅವಳನ್ನ, ತುಂಬಾ ಅಳ್ತಿದಾಳೆ."

ಅವನಿಗೆ ಹಸಿರು ನಿಲುವಂಗಿ ತೊಡಿಸಿ ತಲೆಗೆ ಟೋಪಿ ಹಾಕಿದರು. ಅದನ್ನು ಕಂಡು ಕಡ್ಡಿ ಅಳುವಿನ ನಡುವೆಯೇ "ಅಪ್ಪ ಅಜ್ಜಿ ಥರ" ಎಂದು ನಕ್ಕಳು. ಮೂಗಿಗೆ ಮುಖವಾಡ ಬಂದಾಗ ಕೊಸರಾಡಿ ಅವನ ಕತ್ತುಪಟ್ಟಿಯನ್ನು ಮುಷ್ಟಿ ಕಟ್ಟಿ ಹಿಡಿದಳು. "ಬಲೂನು ಊದು ಮರಿ, ಇನ್ನೊಂದ್ಸಲ," ಎನ್ನುತ್ತಿದ್ದರು ಡಾಕ್ಟರಮ್ಮ. ಮಗಳ ಕಣ್ಣುಗುಡ್ಡೆ ಮೇಲೆ ಸರಿಯಿತು. ಗಂಟಲಿನಿಂದ ಗೊರಕೆಯಂಥದ್ದೇನೋ ಹೊರಟಿತು. ಕತ್ತುಪಟ್ಟಿ ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಬಿಟ್ಟುಕೊಂಡವು. ಅವನು ಹೆದರಿದ್ದು ಇದಕ್ಕೇ, ಅದು ಅವನ ಕೈಯೊಳಗೇ ಆಯಿತು.

"ಹೀಗೇ ಆಗಬೇಕು," ಎಂದರು ಡಾಕ್ಟರಮ್ಮ, ಮಾನಿಟರಿನ ಪರದೆಯಿಂದ ಕಣ್ಣು ತೆಗೆಯದೆ. "ಚೆನ್ನಾಗಿ ಉಸಿರಾಡ್ತಿದಾಳೆ. ಈಗ ನೀವು ಹೊರಗಿರಿ."

ಕಾಲು ಕೀಳಲಾಗದೆ ನಿಂತವನನ್ನು ಒಬ್ಬರು ತೋಳು ಹಿಡಿದು ಹೊರಗೆ ತಂದುಬಿಟ್ಟರು. ಹೆಂಡತಿ ಕೇಳಿದ್ದಕ್ಕೆಲ್ಲ ಅವನು ತಲೆಯಾಡಿಸಿದ. ಒಳಗೆ ಪ್ಲಾಸ್ಟರ್ ಕೊಯ್ಯುವ ಯಂತ್ರ ಗುಂಯ್‌ಗುಟ್ಟಿ ನಿಂತಿತು.

ನರ್ಸಮ್ಮ ಸೀಳಿದ ಪ್ಲಾಸ್ಟರನ್ನು ತಬ್ಬಿಕೊಂಡು ಬಿರಬಿರನೆ ಬಂದು ಹೊರಗಿನ ತೂಕದ ಮಷೀನಿನ ಮೇಲಿಟ್ಟರು. ದಿನಕ್ಕೆ ನೂರು ಲಾರಿಯ ಅಂಕಿ ಓದುವವನು ಗೋಡೆಗೆ ಮುಖ ಮಾಡಿ ನಿಂತ.

"ಎರಡು ಕಿಲೋ ನೂರು."

"ಮೊದಲು ಸೊನ್ನೆ ನೋಡ್ಕೊಂಡ್ರಾ ಮೇಡಂ?" ಎಂದ, ತಿರುಗದೆಯೇ.

ಅವರು ಪ್ಲಾಸ್ಟರನ್ನು ಎತ್ತಿ, ಸೊನ್ನೆ ನೋಡಿ, ಮತ್ತೆ ಇಟ್ಟರು. "ಎರಡು ಕಿಲೋ ನೂರು," ಎಂದು ಬರೆದುಕೊಂಡು ಒಳಗೆ ಓಡಿದರು.

ಆಗ ಅವನು ತಿರುಗಿದ. ಪ್ಲಾಸ್ಟರ್ ಮಷೀನಿನ ಮೇಲೇ ಉಳಿದಿತ್ತು. ಅದರೊಳಗೆ ಮಗಳ ಕಾಲಿನಷ್ಟೇ ಟೊಳ್ಳು, ಅಂಚಿನಲ್ಲಿ ತುರಿಕೆಗೆಂದು ಅವಳು ತೂರಿಸಿದ್ದ ಬಾಚಣಿಗೆಯ ಮುರಿದ ಹಲ್ಲು. ಅವನು ಮೆಲ್ಲಗೆ ಒಳಗೆ ಕೈಯಿಟ್ಟ. ಇನ್ನೂ ಬೆಚ್ಚಗಿತ್ತು.