ವಲ್ಲಿಯ ಕೆಳಗಿನ ಬೆರಳು

ಮರುಳಸಿದ್ದಪ್ಪನ ಮುಖ ನೋಡಿ ಅವನ ಮನಸ್ಸಿನಲ್ಲಿ ಏನಿದೆ ಎಂದು ಹೇಳಬಲ್ಲವರು ರಾಮಗಿರಿಯಲ್ಲಿ ಒಬ್ಬರೂ ಇರಲಿಲ್ಲ. ಎತ್ತಿನ ದಲ್ಲಾಳಿ ಅವನು. ಹೊಳಲ್ಕೆರೆಯಿಂದ ಹಿರಿಯೂರಿನ ತನಕ ಎಲ್ಲಿ ದನದ ಸಂತೆ ಸೇರಿದರೂ ಹೆಗಲ ಮೇಲಿನ ವಲ್ಲಿ ಕೈಮೇಲೆ ಹೊದಿಸಿ, ಅದರ ಕೆಳಗೆ ಕೊಳ್ಳುವವನ ಕೈ ಹಿಡಿದು, ಬೆರಳಲ್ಲೇ ಬೆಲೆ ಮಾತಾಡಿ ಮುಗಿಸುತ್ತಿದ್ದ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು, ಅದಕ್ಕೇ ಮುಖ ಕಲ್ಲು. ಬೆರಳು ಮಾತ್ರ ಸತ್ಯ ಹೇಳಬೇಕು. ವಲ್ಲಿಯ ಕೆಳಗೆ ಬೆರಳು ಸುಳ್ಳಾಡಿದ ದಲ್ಲಾಳಿಗೆ ಮತ್ತೆ ಯಾರೂ ಕೈ ಕೊಡುವುದಿಲ್ಲ.

ಇಂಥ ಕಲ್ಲುಮುಖದವನು ಹೋದ ಯುಗಾದಿಯ ಇಸ್ಪೀಟಿನಲ್ಲಿ ಎತ್ತು ಕಳೆದುಕೊಂಡ! ಅದೂ ದೊಡ್ಡಯ್ಯನನ್ನು. ಕರುವಾಗಿದ್ದಾಗಿನಿಂದ ಹೆಂಡತಿ ಬಸಮ್ಮ ಸಾಕಿದ ಜೋಡಿ ಅದು, ದೊಡ್ಡಯ್ಯ ಮತ್ತು ಚಿಕ್ಕಯ್ಯ. ಗೆದ್ದ ಅಜ್ಜಪ್ಪ ಹಗ್ಗ ಹಿಡಿದು ಹೊರಟಾಗ ಕೊಟ್ಟಿಗೆಯಲ್ಲಿ ಚಿಕ್ಕಯ್ಯ ಅರಚಿದ್ದನ್ನು ಇಡೀ ಕೇರಿ ಕೇಳಿತ್ತು. ಆಮೇಲೆ ಅದು ಬೇರೆ ಎತ್ತಿನ ಜೊತೆ ನೊಗಕ್ಕೆ ಹೆಗಲು ಕೊಡಲೇ ಇಲ್ಲ.

ಊರ ಕಟ್ಟಳೆ ಹೀಗಿತ್ತು. ಯುಗಾದಿಯ ದಿನ ಅರಳಿಕಟ್ಟೆಯ ಮೇಲೆ ಮೂರೆಲೆ ಆಟ. ಎಲ್ಲರಿಗೂ ಸಮ ಹುಣಸೆಬೀಜ. ಒಂದೇ ಏಟಿಗೆ ಇದ್ದಷ್ಟೂ ಬೀಜ ತಳ್ಳಬಹುದು, ತಡೆಯುವವರಿಲ್ಲ. ಬೀಜ ಮುಗಿದವನು ಎದ್ದು ಹೋಗಬೇಕು, ಕೊನೆಗೆ ಉಳಿದವನು ಗೆದ್ದಂತೆ. ಹೋದ ವರ್ಷ ಗೆದ್ದದ್ದನ್ನು ಈ ವರ್ಷ ಮತ್ತೆ ಪಣಕ್ಕೆ ಕಟ್ಟಲೇಬೇಕು. ಅದನ್ನು ಸೋತವನು ಮರಳಿ ಕೇಳುವುದಾದರೆ ಅದರ ಸಮಕ್ಕೆ ಇನ್ನೊಂದು ಕಟ್ಟಬೇಕು. ಅಂದರೆ ಈ ಸಲ ಚಿಕ್ಕಯ್ಯನೂ ಕಟ್ಟೆಯ ಬೇವಿನ ಮರಕ್ಕೆ ಬರಬೇಕಾಯಿತು. ಗೆದ್ದರೆ ಜೋಡಿ, ಸೋತರೆ ಕೊಟ್ಟಿಗೆ ಖಾಲಿ.

"ನಿಮ್ ಮಕ ಕಲ್ಲು, ಸರಿ. ಬೆರಳು ಬಾಯಿಬಡುಕಿ" ಎಂದಿದ್ದಳು ಬಸಮ್ಮ, ಹಬ್ಬಕ್ಕೆ ಮುಂಚೆ. "ಒಳ್ಳೆ ಎಲೆ ಬಂದ್ರೆ ಹೆಬ್ಬೆರಳು ತೋರುಬೆರಳ ಮೇಲೆ ಹತ್ತತೈತೆ. ಕೆಟ್ಟದು ಬಂದ್ರೆ ಕಿರುಬೆರಳು ಬಿಚ್ಕಣತೈತೆ. ಅಜ್ಜಪ್ಪನೂ ದನದ ಯಾಪಾರದೋನು. ಅವ್ನು ನಿಮ್ ಮಕ ಎಲ್ಲಿ ನೋಡ್ತಾನೆ?"

ಮರುಳಸಿದ್ದಪ್ಪ ತನ್ನ ಕೈ ತಾನೇ ನೋಡಿಕೊಂಡ. ಹೌದಲ್ಲ! ಸೌದಾ ಕುದುರಿತು, ಸೌದಾ ಮುರಿಯಿತು ಎಂದು ವಲ್ಲಿಯ ಕೆಳಗೆ ಹೇಳುವ ಸನ್ನೆಗಳೇ ಅವು. ಥೂ, ಎಂಥ ಪೆದ್ದ ನಾನು ಅನ್ನಿಸಿತು.

"ಹಂಗಾರೆ ಕೈ ಮುಚ್ಕಂಡು ಆಡ್ತೀನಿ."

"ಬ್ಯಾಡ್ರಿ. ಮುಚ್ಚಿದ್ರೆ ಅವ್ನಿಗೆ ಅನುಮಾನ ಬರತೈತೆ. ಬೆರಳು ದಿನವೆಲ್ಲ ನಿಜಾನೇ ಹೇಳ್ಲಿ. ಕೆಟ್ಟ ಎಲೆ ಬಂದ್ರೆ ಸುಮ್ನೆ ಕೆಳಗಿಟ್ಟು ಪ್ಯಾಕ್ ಅಂದ್ಬಿಡ್ರಿ, ಹಟ ಬ್ಯಾಡ. ಬೇರೆಯೋರು ಬಡಿದಾಡ್ಕಂಡು ಏಳ್ಲಿ. ಕೊನೇಗೆ ನೀವಿಬ್ರೇ ಉಳಿದಾಗ ಒಂದೇ ಒಂದ್ ಸಲ ಸುಳ್ಳು ಹೇಳ್ರಿ."

"ಬೆರಳಲ್ಲಿ ಸುಳ್ಳಾ?" ಅವನ ದನಿ ಏರಿತು. "ಏನ್ ಮಾತಾಡ್ತೀಯ ನೀನು!"

"ಇದು ಸಂತೆಯಲ್ಲ, ಆಟ" ಎಂದಳು ಬಸಮ್ಮ.

ಯುಗಾದಿಯ ಬೆಳಿಗ್ಗೆ ಬೇವುಬೆಲ್ಲ ಬಾಯಿಗಿಟ್ಟುಕೊಂಡು ಕೂತವರು ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರಾಗಿ ಪಂಚೆ ಕೊಡವಿಕೊಂಡು ಎದ್ದರು. ಹೋದ ವರ್ಷ ಎಲ್ಲ ಆಟಕ್ಕೂ ಕೈ ಹಾಕಿ ಹಾಳಾಗಿದ್ದ ಮರುಳಸಿದ್ದಪ್ಪ ಈ ಸಲ ಹತ್ತಕ್ಕೆ ಎಂಟು ಸಲ ಎಲೆ ಕೆಳಗಿಟ್ಟ. "ಏನಪ್ಪ, ವ್ರತ ಹಿಡಿದೀಯೇನು?" ಎಂದು ಗೇಲಿ ಮಾಡಿದರು. ಮಾಡಲಿ. ಅವನ ಹೆಬ್ಬೆರಳು ಹತ್ತಿದಾಗೆಲ್ಲ ಅಜ್ಜಪ್ಪ ಮೆಲ್ಲಗೆ ಹಿಂದೆ ಸರಿಯುತ್ತಿದ್ದ, ಕಿರುಬೆರಳು ಬಿಚ್ಚಿದಾಗೆಲ್ಲ ಬೀಜ ಏರಿಸಿ ಮೇಲೆ ಬೀಳುತ್ತಿದ್ದ. ಬಸಮ್ಮ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಕೊನೆಗೆ ಇಬ್ಬರೇ ಉಳಿದರು. ಸುತ್ತ ಜನ ಒತ್ತಿ ನಿಂತಿದ್ದರು, ಅರ್ಧಕ್ಕರ್ಧ ದನದ ವ್ಯಾಪಾರದವರೇ. ಊರ ಹಿರಿಯ ಈರಬಸಪ್ಪ ಎಲೆ ಹಂಚಿದ. ಮರುಳಸಿದ್ದಪ್ಪ ಒಂದೊಂದಾಗಿ ಸರಿಸಿ ನೋಡಿದ. ರಾಜ. ನಾಲ್ಕು. ಇನ್ನೊಂದು ರಾಜ.

ಹೆಬ್ಬೆರಳು ತಾನೇ ತಾನಾಗಿ ಏಳತೊಡಗಿತು. ಅಯ್ಯೋ ಶಿವನೇ, ಅದನ್ನು ಹಿಡಿಯುವುದು ಮೂಗುದಾರವಿಲ್ಲದ ಹೋರಿ ಹಿಡಿದಷ್ಟೇ ಕಷ್ಟ! ಅಪ್ಪ ಮೊದಲ ಸಲ ವಲ್ಲಿಯ ಕೆಳಗೆ ತನ್ನ ಕೈ ಹಿಡಿದು ಸನ್ನೆ ಕಲಿಸಿದ್ದು ನೆನಪಾಯಿತು. ಬೇವಿನ ಮರದ ಕೆಳಗೆ ಎರಡು ಎತ್ತೂ ಒಂದರ ಕುತ್ತಿಗೆ ಒಂದು ನೆಕ್ಕುತ್ತ ನಿಂತಿದ್ದವು. ಅವನು ಹಲ್ಲು ಕಚ್ಚಿ ಹೆಬ್ಬೆರಳನ್ನು ಕೆಳಗೊತ್ತಿದ. ಕಿರುಬೆರಳನ್ನು ಮೆಲ್ಲಗೆ ಬಿಚ್ಚಿದ.

ಅಜ್ಜಪ್ಪನ ಕಣ್ಣು ಅಲ್ಲೇ ಇತ್ತು. ಅವನು ತನ್ನ ಬೀಜಗಳನ್ನೆಲ್ಲ ಎರಡೂ ಕೈಯಿಂದ ಬಾಚಿ ಮುಂದೆ ತಳ್ಳಿದ. "ಬಾರಲೇ, ಧೈರ್ಯ ಐತೇನು?"

ಮರುಳಸಿದ್ದಪ್ಪ ತನ್ನ ರಾಶಿಯನ್ನೂ ತಳ್ಳಿದ. "ಶೋ" ಎಂದ.

ಅಜ್ಜಪ್ಪನದು ಹತ್ತರ ಜೋಡಿ. ಮರುಳಸಿದ್ದಪ್ಪ ಎರಡು ರಾಜ ಇಟ್ಟಾಗ ಕಟ್ಟೆಯೇ ಎದ್ದು ಕುಣಿಯಿತು. ಬಸಮ್ಮ ಹೆಂಗಸರ ನಡುವಿನಿಂದ ಓಡಿ ಹೋಗಿ ದೊಡ್ಡಯ್ಯನ ಕುತ್ತಿಗೆಗೆ ಬಿದ್ದು ಅತ್ತಳು. ಮರುಳಸಿದ್ದಪ್ಪನಿಗೂ ಕಣ್ಣು ತುಂಬಿತು.

ಎತ್ತು ಕೈಬದಲಾಗುವಾಗ ವಲ್ಲಿಯ ಕೆಳಗೆ ಕೈ ಹಿಡಿದು ಮುಗಿಸುವುದು ಪದ್ಧತಿ. ಮರುಳಸಿದ್ದಪ್ಪ ವಲ್ಲಿ ಹೊದ್ದು ಕೈ ಚಾಚಿದ. ಅಜ್ಜಪ್ಪ ಹಗ್ಗವನ್ನು ಅವನ ಕಾಲಬಳಿ ಎಸೆದ, ಕೈ ಕೊಡಲಿಲ್ಲ.

"ಬೆರಳಲ್ಲಿ ಸುಳ್ಳಾಡಿದ್ಯಲ್ಲೋ ಸಿದ್ದಣ್ಣ" ಎಂದ. ಸಿಟ್ಟಿಗಿಂತ ಸಂಕಟವೇ ಇತ್ತು ಆ ದನಿಯಲ್ಲಿ. ಸುತ್ತಲಿದ್ದ ವ್ಯಾಪಾರಸ್ಥರ ಕುಣಿತ ನಿಂತಿತು.

ಮುಂದಿನ ಸಂತೆಯಲ್ಲಿ ಮರುಳಸಿದ್ದಪ್ಪ ವಲ್ಲಿ ಹೊದ್ದು ಕೈ ಚಾಚಿದರೆ ಕೊಳ್ಳುವವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ಬಾಯಲ್ಲೇ ಹೇಳ್ರಿ, ಎಲ್ರಿಗೂ ಕೇಳ್ಸಲಿ" ಎಂದರು. ಬಿಸಿಲು ಇಳಿಯುವ ತನಕ ಕೂತ. ಒಂದು ಕೈಯೂ ವಲ್ಲಿಯ ಕೆಳಗೆ ಬರಲಿಲ್ಲ.

ಮನೆಗೆ ಬಂದು ಜಗುಲಿಯಲ್ಲಿ ಕೂತ. ಕೊಟ್ಟಿಗೆಯಲ್ಲಿ ಜೋಡಿ ಎತ್ತು ಹುಲ್ಲು ಮೇಯುತ್ತಿದ್ದವು. ಬಸಮ್ಮ ಪಕ್ಕದಲ್ಲಿ ಕೂತು, ಅವನ ತೊಡೆಯ ಮೇಲಿದ್ದ ವಲ್ಲಿಯ ಕೆಳಗೆ ತಾನೇ ಕೈ ತೂರಿಸಿದಳು. "ನನ್ಗಾರ ಹೇಳ್ರಿ. ಸಂತೋಷ ಐತೋ, ಇಲ್ವೋ?"

ಅವನ ಹೆಬ್ಬೆರಳು ಅವಳ ತೋರುಬೆರಳ ಮೇಲೆ ಹತ್ತಿತು. ಸೌದಾ ಕುದುರಿತು.

ಬಸಮ್ಮ ಕೈ ಹಿಂದಕ್ಕೆ ತೆಗೆಯದೆ ಅವನ ಮುಖವನ್ನೇ ಹುಡುಕಿದಳು. "ಇದು ನಿಜಾನೇನ್ರಿ?" ಎಂದು ಕೇಳಿದಳು.