ಎರಡನೆಯ ಕೊಳವೆಯ ಬಾಣ

ಗುರುವಾರ ಹತ್ತು ಗಂಟೆಗೆ ನನ್ನ ಡಾಕ್ಟರೇಟಿನ ಮೌಖಿಕ ಪರೀಕ್ಷೆ. ಏಳು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಪರಾಗ ಎಣಿಸಿದ್ದೇನೆ. ಕೆರೆಯ ತಳದ ಕೆಸರಿನಲ್ಲಿ ಹೂವಿನ ಪರಾಗ ಸಾವಿರಾರು ವರ್ಷ ಕೊಳೆಯದೆ ಉಳಿಯುತ್ತದೆ. ಆ ಕೆಸರನ್ನು ಆಮ್ಲದಲ್ಲಿ ಕುದಿಸಿ, ಮೈಕ್ರೋಸ್ಕೋಪಿನಡಿ ಇಟ್ಟು, ಯಾವ ಕಣ ಮರದ್ದು, ಯಾವುದು ಹುಲ್ಲಿನದು ಎಂದು ಎಣಿಸಿದರೆ ಅಂದಿನ ಕಾಡಿನ ಸುದ್ದಿಯೂ ಮಳೆಯ ಸುದ್ದಿಯೂ ಸಿಗುತ್ತದೆ. "ಧೂಳು ಎಣ್ಸೋಕೆ ಏಳು ವರ್ಷ ಓದ್ಬೇಕಾ?" ಎಂದು ಅತ್ತಿಗೆ ಕೇಳಿದ್ದಳು. ಬೇಕು. ಅವಳಿಗೆ ವಿವರಿಸುವ ಗೋಜಿಗೆ ನಾನು ಹೋಗಲಿಲ್ಲ.

ನನ್ನ ಪ್ರಬಂಧದ ಜೀವವೆಲ್ಲ ಒಂದೇ ಮಾತಿನಲ್ಲಿತ್ತು: ಒಂದು ಮೀಟರ್ ಆಳದಲ್ಲಿ ಮರಗಳ ಪರಾಗ ಏಕಾಏಕಿ ಅರ್ಧಕ್ಕಿಳಿದು ಹುಲ್ಲು ನುಗ್ಗಿದೆ, ಒಂದೇ ತಲೆಮಾರಿನೊಳಗೆ ಮಳೆ ಕೈಕೊಟ್ಟಿದೆ. ಸೋಮವಾರ ಬೆಳಿಗ್ಗೆ ಆ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಅಂಟಿಸಿ ನೋಡಿದೆ. ಒಂದರ ಕೆಳಗೊಂದು ಇಳಿಸಿ ಕೆಸರು ತೆಗೆದ ನಮ್ಮ ಎರಡು ಕೊಳವೆಗಳ ಉದ್ದವೂ ಸರಿಯಾಗಿ ಒಂದೊಂದು ಮೀಟರ್. ಮೊದಲನೆಯದು ಮುಗಿದು ಎರಡನೆಯದು ಶುರುವಾಗುವ ಕಡೆಯೇ ಕಾಡು ಮಾಯವಾಗಿದೆ. ಕೆರೆಗೆ ನಮ್ಮ ಕೊಳವೆಯ ಉದ್ದ ಹೇಗೆ ಗೊತ್ತಿರಬೇಕು?

ಕೊಳವೆಗಳನ್ನಿಟ್ಟಿದ್ದ ಶೀತಲ ಕೋಣೆಗೆ ಓಡಿದೆ. ಎರಡೂ ಕೊಳವೆಗಳ ಮೇಲೆ ಕಪ್ಪು ಬಾಣ. ನಮ್ಮ ಪ್ರಯೋಗಾಲಯದಲ್ಲಿ ಬಾಣದ ಮೊನೆ ಎಂದರೆ ಆಳದ ಕಡೆ, ಕೆಳಗೆ. ಮೊದಲನೆಯದು ನಾನು ಎಳೆದದ್ದು. ಎರಡನೆಯದು ನನ್ನ ಗಂಡನದು. ಕೆಸರು ತೆಗೆದ ದಿನ ತೆಪ್ಪದ ಮೇಲೆ ನನ್ನ ಕೈ ಕೆಸರಾಗಿತ್ತೆಂದು ಪೆನ್ನು ಅವರಿಗೆ ಕೊಟ್ಟಿದ್ದೆ. ಅವರು ಲಾರಿ ಓಡಿಸುವವರು.

ಫೋನ್ ಮಾಡಿದೆ. "ರೀ, ಅವತ್ತು ಕೊಳವೆ ಮೇಲೆ ಬಾಣ ಯಾವ ಕಡೆಗೆ ಎಳೆದ್ರಿ?"

"ಮೇಲ್ಗಡೆಗೆ. ಸಾಮಾನಿನ ಡಬ್ಬದ ಮೇಲೆ ಇರಲ್ವಾ, ಈ ಕಡೆ ಮೇಲೆ ಅಂತ? ಯಾಕೆ, ನೆಟ್ಟಗೆ ಬಂದಿಲ್ವಾ?"

"ತುಂಬಾ ನೆಟ್ಟಗೆ ಬಂದಿದೆ," ಎಂದು ಫೋನಿಟ್ಟೆ. ಸಿಟ್ಟು ಬಂದದ್ದು ನಿಜ. ಅವರ ಮೇಲಿನದಕ್ಕಿಂತ ನನ್ನ ಮೇಲೇ ಹೆಚ್ಚು ಬಂತು. ಕಾಲ ಗೊತ್ತುಮಾಡಲು ನಾನು ಕಳಿಸಿದ್ದು ಎರಡೇ ಚೂರು, ಎರಡೂ ಕೊಳವೆಯ ನಟ್ಟನಡುವಿನವು. ಕೊಳವೆ ತಲೆಕೆಳಗಾದರೂ ನಡು ನಡುವೆಯೇ ಇರುತ್ತದೆ. ಅದಕ್ಕೇ ಏಳು ವರ್ಷ ಯಾರಿಗೂ ಅನುಮಾನ ಬರಲಿಲ್ಲ.

ವಿಷಯ ಕೇಳಿದ ನನ್ನ ಗೈಡ್ ಬಾಗಿಲು ಮುಚ್ಚಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದರು: "ಗುರುವಾರ ಮುಗಿದ್ಹೋಗ್ಲಿ. ಪದವಿ ಕೈಗೆ ಬಂದ್ಮೇಲೆ ತಿದ್ದುಪಡಿ ಬರೆದ್ರಾಯ್ತು. ಯಾರೂ ಕೇಳಲ್ಲ."

"ನಾನೇ ಕೇಳ್ತಾ ಇದೀನಲ್ಲ, ಸರ್."

ಎರಡನೆಯ ಕೊಳವೆಯ ಎರಡೂ ತುದಿಯಿಂದ ಹೊಸದಾಗಿ ಚಿಟಿಕೆ ಕೆಸರು ತೆಗೆದು ಕುದಿಸಿದೆ. ಬುಧವಾರ ಸಂಜೆಯೊಳಗೆ ತುದಿಗೆ ಐನೂರರಂತೆ ಸಾವಿರ ಕಣ ಎಣಿಸಿದೆ. ಕುತ್ತಿಗೆ ಮರಗಟ್ಟಿತು, ಅತ್ತಿಗೆಯ ನೆನಪೂ ಬಂತು. ನಾನು 'ತಳ' ಎಂದು ಬರೆದಿದ್ದ ತುದಿಯೇ ಮೊದಲ ಕೊಳವೆಯ ತಳಕ್ಕೆ ಕಣಕ್ಕೆ ಕಣ ಹೊಂದಿಕೊಂಡಿತು. ನಕ್ಷೆಯ ಕೆಳಭಾಗವನ್ನು ಕತ್ತರಿಸಿ ತಿರುಗಿಸಿ ಅಂಟಿಸಿದೆ. ಮರ ಮೆಲ್ಲಮೆಲ್ಲನೆ ಇಳಿದು ಹುಲ್ಲು ಏರಿತ್ತು; ಏಕಾಏಕಿ ಎಂಬುದು ಎಲ್ಲೂ ಇರಲಿಲ್ಲ.

ಗುರುವಾರ ಮೂವರು ಪರೀಕ್ಷಕರ ಮುಂದೆ ಆ ಅಂಟಿಸಿದ ನಕ್ಷೆಯನ್ನೇ ಬಿಚ್ಚಿ, ಬಾಣ ತಲೆಕೆಳಗಾದದ್ದನ್ನು ಹೇಳಿದೆ. ಗೈಡ್ ಕನ್ನಡಕ ಒರೆಸುತ್ತ ಕುಳಿತರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಗಂಡನಿಗೆ ನಾನು ಏನೂ ಹೇಳಿರಲಿಲ್ಲ. ಹೇಳಬೇಕಿತ್ತು.

"ಈ ಬಾಣ ಎಳೆದೋರು ಯಾರು?" ಎಂದರು ಹಿರಿಯ ಪರೀಕ್ಷಕಿ.

ಹಿಂದೆ ಕುರ್ಚಿ ಕಿರ್ರೆಂದಿತು. ನನ್ನ ಗಂಡ ಅರ್ಧ ಎದ್ದು ನಿಂತಿದ್ದರು.

"ಯಾರೇ ಎಳೆದಿರ್ಲಿ, ಮೇಡಂ. ವಿಚಾರಿಸ್ಬೇಕಾಗಿದ್ದೋಳು ನಾನು. ವಿಚಾರಿಸ್ಲಿಲ್ಲ."

"ಹಾಗಾದ್ರೆ ನಿಮ್ಮ ಪ್ರಬಂಧದಲ್ಲಿ ಉಳಿದಿದ್ದೇನು?"

"ಎಂಟುನೂರು ವರ್ಷ ಹಿಡೀತು ಆ ಕಾಡು ಹುಲ್ಲಾಗೋಕೆ. ಅಲ್ಲಿದ್ದ ಯಾರಿಗೂ ಗೊತ್ತಾಗಿರ್ಲಿಕ್ಕಿಲ್ಲ. ಅಷ್ಟು ನಿಧಾನ. ಇದನ್ನ ಸರಿಯಾಗಿ ತೋರಿಸ್ಬೇಕಾದ್ರೆ ಹೊಸ ಕೆಸರು ಬೇಕು. ತರ್ತೀನಿ."

ಪದವಿ ಸಿಗಲಿಲ್ಲ. ಎರಡು ವರ್ಷದೊಳಗೆ ಹೊಸದಾಗಿ ಬರೆದು ತರಬೇಕೆಂದು ಕಾಗದ ಕೊಟ್ಟರು. ಹೊರಗೆ ಮೆಟ್ಟಿಲ ಮೇಲೆ ಕುಳಿತು ಮನಸಾರೆ ಅತ್ತೆ. ನನ್ನ ಗಂಡ ಪಕ್ಕದಲ್ಲಿ ನಿಂತೇ ಇದ್ದರು. ಕೊನೆಗೆ ಕೇಳಿದರು:

"ಮತ್ತೆ ಕೆರೆಗೆ ಹೋಗ್ಬೇಕಾ?"

"ಹೋಗ್ಲೇಬೇಕು."

"ನಾನು... ಬರ್ಲಾ, ಬೇಡ್ವಾ?"

ಹತ್ತು ಟನ್ ಲಾರಿಯನ್ನು ಓಣಿಯೊಳಗೆ ಹಿಂದಕ್ಕೆ ತಿರುಗಿಸುವ ಗಂಡಸು, ಶಾಲೆಯ ಹುಡುಗನ ದನಿಯಲ್ಲಿ ಕೇಳಿದರು. ಕಣ್ಣೊರೆಸಿಕೊಂಡು ಎದ್ದೆ.

"ನೀವು ಬರ್ದೆ ಇದ್ರೆ ಆ ಕೊಳವೆ ಎತ್ತೋರು ಯಾರು? ಭಾನುವಾರ ಲಾರಿ ಖಾಲಿ ಇಟ್ಕೊಳ್ಳಿ."